ಜೇಬಿನ ಅಳತೆ

"ಆ ಕಡೆ ಹಿಡ್ಕೋ, ಮೂಲೆಗೆ ತಳ್ಳೋಣ," ಎಂದ ಸೋದರಮಾವ. ಮಗಳು ಮೇಜು ಹಿಡಿದಳು. ಅಪ್ಪನ ದೇಹವನ್ನು ಆಸ್ಪತ್ರೆಯಿಂದ ತಂದು ಮಲಗಿಸಲು ಮುಂದಿನ ಕೋಣೆಯಲ್ಲಿ ಜಾಗ ಆಗಬೇಕಿತ್ತು. ಹಳೆಯ ಕಂಪ್ಯೂಟರಿನ ಬೆನ್ನಿಗಿದ್ದ ಕಪ್ಪು ತಂತಿಯನ್ನು ಬಿಚ್ಚಿ, ಮೇಜು ಸರಿಸಿ, ಮತ್ತೆ ಸಿಕ್ಕಿಸಿದಳು. ನೆಲಕ್ಕೆ ಬಿದ್ದ ಚೂರುಪಾರುಗಳನ್ನು ಅಮ್ಮ ಗುಡಿಸಿದಳು.

ಆ ಕೋಣೆ ಅಪ್ಪನ ರಿಪೇರಿ ಅಂಗಡಿ. ಜನ ಎಸೆಯಲು ತಂದ ಕಂಪ್ಯೂಟರುಗಳ ಹೊಟ್ಟೆಯಿಂದ ಅವನು ನೆಟ್‌ವರ್ಕ್ ಕಾರ್ಡುಗಳನ್ನು ಬಿಚ್ಚಿಟ್ಟುಕೊಳ್ಳುತ್ತಿದ್ದ. ಒಂದು ಯಂತ್ರದ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ, ಅಂಗೈ ಅಗಲದ ಹಸಿರು ಹಲಗೆಗಳು. ಎಲ್ಲವೂ ಮೂವತ್ತು ವರ್ಷ ಹಳೆಯವು. ಕೊಳ್ಳುವವರು ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಬೀದಿಯವರು ಅವನನ್ನು ಕಾರ್ಡಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಿಂದ ಬೇಸರವಿರಲಿಲ್ಲ.

ಹನ್ನೊಂದಕ್ಕೆ ಸ್ಮಶಾನದ ವ್ಯಾನು ಬರುವುದಿತ್ತು. ಹತ್ತೂವರೆಗೆಲ್ಲ ಕೋಣೆ ತುಂಬಿತ್ತು, ಮಹಡಿಯ ಮೇಲಿನ ಟೈಲರ್ ಒಬ್ಬನನ್ನು ಬಿಟ್ಟು.

"ಮೂವತ್ತು ವರ್ಷದ ಗೆಳೆಯ. ಮೆಟ್ಟಿಲಿಳಿದು ಬರೋಕಾಗಲ್ವಾ?" ಎಂದಳು ಅಪ್ಪನ ಅಕ್ಕ.

"ಬೆಳಿಗ್ಗೆ ಬಂದು ಮುಖ ನೋಡ್ದ," ಎಂದ ಸೋದರಮಾವ. "ಭಾವನ ಬಗ್ಗೆ ಎರಡು ಮಾತು ನೀನೇ ಹೇಳ್ಬೇಕಪ್ಪ ಅಂದೆ. ಕತ್ತು ಮುಟ್ಕೊಂಡ, ಆ ತಂತಿ ತೋರಿಸ್ದ, ಎದ್ದು ಹೋದ."

"ಗಂಟಲು ಆಪರೇಷನ್ ಆಗಿ ದನಿ ಹೋದೋನಿಗೆ ಎರಡು ಮಾತು ಹೇಳು ಅಂದ್ರಾ? ನಿಮ್ಮ ತಲೆ ನೆಟ್ಟಗಿದೆಯಾ?"

"ಈ ಗಲಾಟೇಲಿ ಮರೆತೇಹೋಯ್ತು ಅಕ್ಕಾ."

ತಂತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಗಳು ಎದ್ದಳು. ಮೂಲೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ತೆರೆ ಬೆಳಗಿತು, ಆದರೆ ಒಂದಕ್ಷರವೂ ಮೂಡಲಿಲ್ಲ.

* * *

ಟೈಲರನ ದನಿ ಹೋದ ವರ್ಷ ಅಪ್ಪ ಎರಡು ಹಳೆಯ ಯಂತ್ರಗಳಿಗೆ ಎರಡು ಕಾರ್ಡು ಕೂರಿಸಿ, ಕಿಟಕಿಯಿಂದ ಮಹಡಿಗೆ ತಂತಿ ಎಳೆದಿದ್ದ.

"ಫೋನಲ್ಲೇ ಮೆಸೇಜ್ ಕಳಿಸಬಹುದಲ್ಲಪ್ಪ?" ಎಂದು ಮಗಳು ಕೇಳಿದ್ದಳು.

"ಅವನ ಬೆರಳು ನೋಡಿದ್ದೀಯಾ? ಒಂದು ಅಕ್ಷರ ಒತ್ತಿದ್ರೆ ನಾಲ್ಕು ಬೀಳುತ್ತೆ. ಈ ಕೀಲಿಮಣೆ ಅವನ ಕೈಗೇ ಹೊಲಿದಂಗಿದೆ." ಅಪ್ಪ ತಂತಿಯ ಕೊನೆಗೆ ಬೆರಳ ತುದಿಯಷ್ಟು ದೊಡ್ಡ ಲೋಹದ ಮುಚ್ಚಳವೊಂದನ್ನು ತಿರುಗಿಸಿ ಕೂರಿಸಿದ. "ಎರಡೂ ಕೊನೆಗೆ ಇದು ಇರ್ಲೇಬೇಕು ಕಣೇ. ಒಂದು ಬಿದ್ರೂ ಮಾತು ಕೊನೆಗೆ ಬಡಿದು ವಾಪಸ್ ಬರುತ್ತೆ, ಹಿಂದೆ ಬರೋ ಮಾತನ್ನೂ ಕೆಡಿಸುತ್ತೆ. ತಂತಿ ನೆಟ್ಟಗಿದ್ರೂ ಏನೂ ದಾಟಲ್ಲ."

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ ಎಂದೇ ಅವಳು ಅಂದುಕೊಂಡಿದ್ದಳು.

* * *

ಯಂತ್ರದ ಬೆನ್ನು ತಡವಿದಳು. ಮುಚ್ಚಳ ಇರಲಿಲ್ಲ. ಟೈಲರನಿಗೆ ಅಪ್ಪ ಕೊಟ್ಟಿದ್ದ ದನಿಯನ್ನು ಈ ದಿನವೇ ಅವಳು ಕಿತ್ತುಹಾಕಿದ್ದಳು. ಮೇಜಿನ ಕೆಳಗೆ, ಕಾರ್ಡುಗಳ ಡಬ್ಬಗಳ ಹಿಂದೆ, ಎಲ್ಲ ಕಡೆ ಹುಡುಕಿದಳು. ವ್ಯಾನು ಬರಲು ಕಾಲು ಗಂಟೆಯಿತ್ತು.

"ಅಮ್ಮ, ಗುಡಿಸಿದ ಕಸ ಎಲ್ಲಿ? ಅದರಲ್ಲೊಂದು ಸಣ್ಣ ಮುಚ್ಚಳ..."

ಅಪ್ಪನ ತಲೆಯ ಬಳಿ ಕೂತಿದ್ದ ಅಮ್ಮ ಬೆಳಗಿನಿಂದ ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿದಳು. "ಇದಾ? ಇದನ್ನ ಮುಟ್ಟಿದ್ರೆ ನಿಮ್ಮಪ್ಪ ಮೂರು ದಿನ ಮುಖ ಊದಿಸ್ಕೊಂಡಿರ್ತಿದ್ರು. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಮುಚ್ಚಳ ಬಿಸಿಯಾಗಿತ್ತು. ಅದನ್ನು ತಿರುಗಿಸಿ ಕೂರಿಸಿದ ಸ್ವಲ್ಪ ಹೊತ್ತಿಗೆ ಯಂತ್ರದ ಬೆನ್ನಲ್ಲಿ ಹಸಿರು ದೀಪ ಮಿಣುಕಿತು. ತೆರೆಯ ಮೇಲೆ ಸಾಲುಗಳು ಬರತೊಡಗಿದವು. ಮಗಳು ಗಟ್ಟಿಯಾಗಿ ಓದಿದಳು.

"ನನ್ನ ಅಳತೆ ಪುಸ್ತಕದಲ್ಲಿ ಇರೋದನ್ನೇ ಹೇಳ್ತೀನಿ. ಮದುವೆ ಅಂಗಿ, ಎದೆ ಮೂವತ್ತಾರು. ಮಗಳು ಹುಟ್ಟಿದ ವರ್ಷ ಮೂವತ್ತೆಂಟು, ಹಿಗ್ಗಿಗೆ. ಅಂಗಡಿ ಇಟ್ಟ ವರ್ಷ ನಲವತ್ತು. ಹೊಟ್ಟೆಯ ಅಳತೆ ಕೇಳಬೇಡಿ."

ಕೋಣೆಯಲ್ಲಿ ಯಾರೋ ನಕ್ಕರು. ಅಪ್ಪನ ಅಕ್ಕನೇ ಇರಬೇಕು.

"ಹೋದ ತಿಂಗಳು ಮೂವತ್ತೆರಡು. ಮೂವತ್ನಾಲ್ಕು ಅಂತ ಬರೆದು ತೋರಿಸ್ದೆ. ಅವನಿಗೆ ನಾನು ಹೇಳಿದ ಸುಳ್ಳು ಅದೊಂದೇ. ಜೇಬು ಮಾತ್ರ ಎಲ್ಲ ಅಂಗಿಗೂ ಒಂದೇ ಅಳತೆ, ಕಾರ್ಡು ಹಿಡೀಬೇಕು ಅಂತಿದ್ದ. ಹೊಸ ಅಂಗಿ ಆಗಿದೆ, ಮೂವತ್ತೆರಡರದ್ದೇ. ತರಲಾ ಅಂತ ಬೆಳಿಗ್ಗೆಯಿಂದ ಕೇಳ್ತಾ ಇದ್ದೀನಿ. ಯಾರೂ ಉತ್ತರ ಕೊಡ್ತಿಲ್ಲ. ನನ್ನ ಮೇಲೆ ಕೋಪಾನಾ?"

ಮಗಳು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೀಲಿಗಳು ಮಂಜಾಗಿ ಕಾಣುತ್ತಿದ್ದವು. "ತಪ್ಪು ನಂದು ಮಾವ. ಬೇಗ ತನ್ನಿ," ಎಂದು ಒತ್ತಿದಳು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಟೈಲರ್ ಬಂದ, ತೋಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಪ್ಪನ ಅಕ್ಕ ತಾನೇ ಎದ್ದು ಅವನಿಗೆ ದಾರಿ ಬಿಟ್ಟಳು. ಅವನೂ ಸೋದರಮಾವನೂ ಸೇರಿ ಅಂಗಿ ತೊಡಿಸಿದರು. ಎಲ್ಲೂ ಸಡಿಲವಿರಲಿಲ್ಲ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಅಮ್ಮ ಡಬ್ಬದಿಂದ ಒಂದು ಕಾರ್ಡು ತೆಗೆದು, ಗಂಡ ಊದುತ್ತಿದ್ದಂತೆಯೇ ಅದರ ಧೂಳು ಊದಿ, ಅಂಗಿಯ ಜೇಬಿಗಿಟ್ಟಳು. ಅದು ಪೂರ್ತಿ ಒಳಗೆ ಕೂತಿತು. ಟೈಲರ್ ಜೇಬಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, ಗುಂಡಿ ಹಾಕಿದ.