ಉಪ್ಪು ಕಲಸಿದ ಕೈ

"ಏಯ್ ಮಾರಾಯ್ತಿ, ಹೊಸಿಲು ದಾಟ್ಬೇಡ! ಎಷ್ಟು ಸಲ ಬೊಗಳುದು ನಿಂಗೆ? ಪಾತ್ರೆ ಅಲ್ಲೇ ಇಟ್ಟು ಸಾಯಿ!"

ಅಡುಗೆಯ ವೆಂಕಟೇಶ ಒಳಗಿನಿಂದ ಕೂಗಿದ. ಚಿಕ್ಕತಾಯಮ್ಮ ತೊಳೆದ ತಪ್ಪಲೆಯನ್ನು ಹೊಸಿಲ ಹೊರಗೇ ಇಟ್ಟು ಹಿಂದೆ ಸರಿದಳು. ವೆಂಕಟೇಶ ಅದರ ಮೇಲೆ ಒಂದು ಚೊಂಬು ನೀರು ಸುರಿದು ಒಳಕ್ಕೆ ಎಳೆದುಕೊಂಡ. ಕೋಡಂಬಾಕ್ಕಂನ ಆ ಹೋಟೆಲಿನಲ್ಲಿ ಇದು ದಿನಾ ನಡೆಯುವ ಪೂಜೆ. ಅವಳು ತೊಳೆಯಬೇಕು, ಅವಳು ತೊಳೆದದ್ದನ್ನು ಅವನು ತೊಳೆಯಬೇಕು. ಸೋಡಾಪುಡಿ ಮುಟ್ಟಿ ಮುಟ್ಟಿ ಅವಳ ಅಂಗೈ ಬಿರುಕು ಬಿಟ್ಟಿತ್ತು. ಒಳಗೆ ಗ್ರೈಂಡರ್ ಹತ್ತಿರ ಒಂದು ಕೆಲಸ ಸಿಕ್ಕರೆ ಈ ಕೈ ಉಳಿದೀತು ಅನ್ನುವುದೊಂದೇ ಅವಳ ಆಸೆ.

ಅದನ್ನು ಕೊಡಿಸುತ್ತೇನೆಂದು ಮಾತು ಕೊಟ್ಟವನು ಮಹದೇವ. ಕೊಳ್ಳೇಗಾಲದ ಕಡೆಯ ಅವಳ ಊರಿನವನೇ, ಅವಳ ಕೇರಿಯವನೇ. ಮೇಜು ಒರೆಸಲು ಬಂದವನು ಈಗ ಸೂಪರ್‌ವೈಸರ್. ಧಣಿ ವಿಷ್ಣುಮೂರ್ತಿಯವರು ಸೊಂಟದ ಮೊಬೈಲ್ ಸವರುತ್ತ ಅವನನ್ನು ಕರೆದು, "ನೀನು ಅವರ ಪೈಕಿ ಮಾರಾಯ. ನಾವು ಹೇಳಿದ್ರೆ ನಂಬುದಿಲ್ಲ, ನೀ ಹೇಳಿದ್ರೆ ಕೇಳ್ತಾರೆ" ಎಂದು ಬೆಸೆಂಟ್ ನಗರದ ಯಾವುದೋ ಕಂಪನಿಯಲ್ಲಿ ತರಬೇತಿ ಕೊಡಿಸಿದ್ದರು. ನಮ್ಮೆಲ್ಲರ ಗುರಿ ಒಂದೇ ಎಂದು ಕೆಲಸದವರಿಗೆ ಮನದಟ್ಟು ಮಾಡಿಸುವ ತರಬೇತಿ. ಕೈಗೆ ಮೈಕ್ ಬರುತ್ತದೆಂದು ಮಹದೇವನೂ ಹಿಗ್ಗಿ ಹೀರೇಕಾಯಿಯಾಗಿದ್ದ.

"ಥೂ, ನಿನ್ ಕಿಲಾಸ್ಗೆ ಬೆಂಕಿ ಬೀಳ. ಊರ್ಲೇ ಒಳೀಕ್ ಬುಡ್ನಿಲ್ಲ, ಇಲ್ಲಿ ಬುಟ್ಟಾರ್ಲಾ?" ಎಂದಿದ್ದಳು ಚಿಕ್ಕತಾಯಮ್ಮ, ಅವನು ತನ್ನ ಮೊದಲ ತರಗತಿಗೆ ಕರೆದಾಗ.

"ಬುಡ್ತಾರೆ ಕನ್ ಚಿಕ್ಕವ್ವ. ಧಣೇರು ನನ್ ಕೈ ಇಡ್ದು ಏಳವ್ರೆ."

"ಸರಿ, ಬತ್ತೀನಿ. ನಿನ್ ಮೊಕ ನೋಡ್ಕಂಡು ಬತ್ತೀನಿ, ಅವ್ರ ಮೊಕ ನೋಡ್ಕಂಡಲ್ಲ."

ಮಹಡಿಯ ಪಾರ್ಟಿ ಹಾಲಿನಲ್ಲಿ ಮಹದೇವ ಎಲ್ಲರನ್ನೂ ಕೈ ಕೈ ಹಿಡಿಸಿ ಸುತ್ತ ನಿಲ್ಲಿಸಿದ. ವೆಂಕಟೇಶನ ಪಕ್ಕಕ್ಕೆ ಚಿಕ್ಕತಾಯಮ್ಮ ಬಂದಳು. ಅವನು ಹೆಗಲ ಬೈರಾಸು ಟವೆಲನ್ನು ಇಳಿಸಿ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿಯನ್ನು ಅವಳತ್ತ ನೂಕಿದ. ಮಹದೇವ ನೋಡಿದ. ನೋಡಿಯೂ ನೋಡದವನಂತೆ ಮೈಕಿನಲ್ಲಿ ಮಾತು ಮುಂದುವರಿಸಿದ.

ಆಮೇಲೆ ಧಣಿಗಳು ಎದ್ದರು. "ನಾವೆಲ್ಲ ಒಂದೇ ಕುಟುಂಬ, ಪುರಿಯುತಾ, ಗೊತ್ತಾಯ್ತಾ? ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಇವತ್ತು ಇಡ್ಲಿ ಹಿಟ್ಟಿಗೆ ಉಪ್ಪು ಕಲಸುದು ನಮ್ಮ ಚಿಕ್ಕತಾಯಮ್ಮ. ನಾಳೆ ಅದರ ಮೊದಲ ಇಡ್ಲಿ ನಾನೇ ತಿನ್ನುದು, ನಿಮ್ಮೆಲ್ಲರ ಎದುರು. ಇನ್ನು ಅವಳಿಗೆ ಗ್ರೈಂಡರ್ ಕೆಲಸ."

ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದೊಡ್ಡ ಕೊಳಗ ಮೇಲಕ್ಕೆ ಬಂತು. ಚಿಕ್ಕತಾಯಮ್ಮ ಮೊಣಕೈವರೆಗೆ ಕೈ ಇಳಿಸಿ ಕಲಸಿದಳು. ಬಿರುಕಿಗೆ ಉಪ್ಪು ಹೊಕ್ಕು ಚುರ್ರೆಂದಿತು. ತುಟಿ ಕಚ್ಚಿಕೊಂಡೇ ಫೋಟೋಗೆ ನಕ್ಕಳು. ಮಹದೇವನ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಹಿಟ್ಟು ಉಬ್ಬಿ ಕೊಳಗದ ಮುಚ್ಚಳವನ್ನೇ ಎತ್ತಿತ್ತು. ಏನು ಕೈಗುಣ, ಅಬ್ಬಾ! ಧಣಿಗಳ ತಟ್ಟೆ ಒಯ್ಯಲು ಮಹದೇವ ಅಡುಗೆಮನೆಗೆ ಬಂದ. ದೊಡ್ಡ ಹಬೆಪೆಟ್ಟಿಗೆಯ ಪಕ್ಕದಲ್ಲಿ ಇಡ್ಲಿ ಬೇಯಿಸುವ ಒಂದು ಪುಟ್ಟ ಅಟ್ಟವೂ ಹಬೆಯಾಡುತ್ತಿತ್ತು.

"ಇದ್ಯಾರ್ಗಣ್ಣ?"

"ಧಣಿಗಳಿಗೆ," ಎಂದ ವೆಂಕಟೇಶ. "ನಿನ್ನೆ ಅವಳು ಕೈ ಹಾಕುವ ಮೊದ್ಲೇ ತೆಗ್ದು ಇಟ್ಟದ್ದು. ಅವರೇ ಹೇಳಿದ್ದು. ಮತ್ತೆಂತ, ಅವರು ಅದನ್ನು ತಿನ್ನುದುಂಟಾ?"

"ಆ ದೊಡ್ಡದು?"

"ಗಿರಾಕಿಗಳಿಗೆ, ನಿಮಗೆ. ಅಷ್ಟನ್ನೂ ಚೆಲ್ಲುದಾ?"

"ಚಿಕ್ಕವ್ವನ ಗ್ರೈಂಡರ್ ಕೆಲ್ಸ?"

"ನಿಂಗೆ ಹೇಳ್ಲಿಲ್ವಾ? ಅವಳನ್ನು ಅಣ್ಣಾ ನಗರದ ಹೊಸ ಹೋಟೆಲಿಗೆ ಹಾಕಿದ್ದು. ಕಕ್ಕಸು ತೊಳಿಲಿಕ್ಕೆ. ಫೋಟೋ ಆಯ್ತಲ್ಲ, ಇನ್ನೆಂತ?"

ಮಹದೇವನಿಗೆ ಈಗ ಅರ್ಥವಾಯಿತು. ನಂಬಿಸಿ ಕತ್ತು ಕೊಯ್ದಿದ್ದರು. ಕೊಯ್ಯಲು ಕತ್ತಿ ಕೊಟ್ಟದ್ದೂ ತನ್ನ ಕೈಗೇ. ಬೋಳಿಮಗನೆ, ನನ್ನ ಕೈಯಲ್ಲೇ ಮಾಡಿಸಿದೆಯಲ್ಲೋ ಎಂದು ಧಣಿಯನ್ನು ಮನಸ್ಸಿನಲ್ಲೇ ಬೈದ. ವೆಂಕಟೇಶ ಪುಟ್ಟ ಅಟ್ಟದಿಂದ ಇಡ್ಲಿ ತೆಗೆದು ತಟ್ಟೆಗೆ ಹಾಕಿಕೊಟ್ಟು ಸಾಂಬಾರಿನ ಕಡೆ ತಿರುಗಿದ. ಮಹದೇವ ಇನ್ನೊಂದು ತಟ್ಟೆಗೆ ದೊಡ್ಡ ಪೆಟ್ಟಿಗೆಯ ಇಡ್ಲಿ ಹಾಕಿಕೊಂಡ. ಎರಡನ್ನೂ ಹಿಡಿದು, ಎಲ್ಲರೂ ಮತ್ತೆ ಸೇರಿದ್ದ ಮಹಡಿಯ ಹಾಲಿಗೆ ಹತ್ತಿದ.

ದೊಡ್ಡ ಪೆಟ್ಟಿಗೆಯದನ್ನು ವೇದಿಕೆಯ ಮೇಲಿದ್ದ ಧಣಿಯ ಮುಂದೆ ಇಟ್ಟ. ಇನ್ನೊಂದನ್ನು ಹಿಂದಿನ ಸಾಲಿನಲ್ಲಿದ್ದ ಚಿಕ್ಕತಾಯಮ್ಮನ ಮಡಿಲಲ್ಲಿ ಇಟ್ಟ.

ವಿಷ್ಣುಮೂರ್ತಿ ಫೋಟೋದವನತ್ತ ನೋಡಿಕೊಂಡು ಮುರಿದು ಬಾಯಿಗಿಟ್ಟ. "ಆಹಾ! ಮಲ್ಲಿಗೆ ಹೂವಿನ ಹಾಗೆ ಉಂಟು. ಇಂಥ ಇಡ್ಲಿ ನಮ್ಮಲ್ಲಿ ಆದದ್ದೇ ಇಲ್ಲ ಮಾರಾಯ್ರೆ!" ಎಂದು ಇನ್ನೊಂದು ದೊಡ್ಡ ತುಂಡನ್ನೂ ತುಂಬಿಕೊಂಡ.

ಮಹದೇವ ಮೈಕ್ ಎತ್ತಿದ. ತರಬೇತಿಯಲ್ಲಿ ಕಲಿತ ಮಾತು ಒಂದೂ ಬರಲಿಲ್ಲ, ಊರಿನ ಮಾತೇ ಬಂತು.

"ಧಣಿ, ನಿಮ್ಗೆ ಅಂತ ಬೇರೆ ತೆಗ್ದು ಮಡಗಿದ್ರಲ್ಲ, ಆ ಇಡ್ಲಿ ಅಲ್ಲ ಅದು. ಚಿಕ್ಕವ್ವ ಕೈಯಾಕಿ ಕಲ್ಸಿದ್ದು. ನಿಮ್ದು ಅಗೋ, ಚಿಕ್ಕವ್ವನ ತಟ್ಟೇಲದೆ. ಅಣ್ಣಾ ನಗರದಲ್ಲಿ ಕಕ್ಕಸು ತೊಳ್ಯಾಕ್ ಕಳ್ಸ್ತಿದ್ದೀರಲ್ಲ, ಅದ್ಕೂ ಮುಂಚೆ ತಿನ್ಲಿ ಅಂತ ಕೊಟ್ಟಿವ್ನಿ."

ವಿಷ್ಣುಮೂರ್ತಿಯ ದವಡೆ ನಿಂತಿತು. ಕೆನ್ನೆ ಉಬ್ಬಿಕೊಂಡೇ ಇತ್ತು. ಉಗುಳಲು ಕಿಟಕಿಯ ಕಡೆ ನೋಡಿದ. ಫೋಟೋದವನು ಕ್ಯಾಮೆರಾ ಇಳಿಸಿರಲಿಲ್ಲ.

ಚಿಕ್ಕತಾಯಮ್ಮನಿಗೆ ಕಕ್ಕಸಿನ ಮಾತು ಗೊತ್ತಾದದ್ದು ಆಗಲೇ. ಅವಳು ಮಹದೇವನನ್ನು ದಿಟ್ಟಿಸಿದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಮಡಿಲ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಥೂ, ಇದ್ರಲ್ಲಿ ಉಪ್ಪೇ ಇಲ್ಲ ಕನ್ಲಾ," ಎಂದಳು. ಆಮೇಲೆ ವೇದಿಕೆಯತ್ತ ತಿರುಗಿದಳು. "ನಂದು ಚೆಂದಾಗದೆ. ನುಂಗಿ ಧಣಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.