ಲೀಕ್ ಸೊಪ್ಪು

"ಅಯ್ಯ, ಇದು ಈರುಳ್ಳಿ ಜಾತೀದೇ ಅಲ್ವಾ ಗಂಗಮ್ಮಾ! ಹರಕೆ ಹೊತ್ತೋರು ನೀವು, ತಿಂತೀರಾ?"

ಹಿತ್ತಲಲ್ಲಿ ಬಿಳಿ ದಂಟಿನ, ಹಸಿರೆಲೆಯ ಲೀಕಿನ ಪದರ ಬಿಡಿಸಿ ಸಂದಿನ ಮಣ್ಣು ತೊಳೆಯುತ್ತಿದ್ದ ಗಂಗಾಳ ಕೈ ನಿಂತಿತು. ಪಕ್ಕದ ಮನೆಯ ಭವ್ಯಾ ಬಾಯಿಗೆ ಬಂದದ್ದು ಹೇಳುವವಳಲ್ಲ. ಜೋಗದ ದಾರಿಯ ಹೋಂಸ್ಟೇಯಲ್ಲಿ ಅಡುಗೆಗಿದ್ದಾಳೆ, ಇಂಥದ್ದನ್ನೆಲ್ಲ ದಿನಾ ಹೆಚ್ಚುತ್ತಾಳೆ.

ಮಗ ಪ್ರದೀಪ ಹಾಸಿಗೆ ಹಿಡಿದಾಗ, ಅವನು ಎದ್ದು ಓಡಾಡುವವರೆಗೆ ಈರುಳ್ಳಿ ಬೆಳ್ಳುಳ್ಳಿ ಬಾಯಿಗಿಡುವುದಿಲ್ಲ ಎಂದು ಗಂಗಾ ದೇವರಿಗೆ ಹೇಳಿಕೊಂಡಿದ್ದಳು. ಬಾಯಿಗೆ ಸೇರಿದ್ದು ಕೊಡಿ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ಅವಳಿಗೆ ಉಳಿದದ್ದು ಆ ಹರಕೆಯೊಂದೇ. ಅವನ ಬಾಯಿಗೆ ಸೇರಿದ್ದೋ, ಈ ಲೀಕಿನ ಸೂಪು ಮಾತ್ರ. ಲೀಕು ಸಾಗರದ ಸಂತೆಯಲ್ಲಿ ಸಿಗುವ ಮಾಲಲ್ಲ. ಸೊಸೆ ಶ್ರೀಗೌರಿ ಮೊಬೈಲಿನಲ್ಲಿ ನೋಡಿ ಶಿವಮೊಗ್ಗದಿಂದ ತರಿಸಿದ್ದಳು. "ಮನೆ ಮಾಡು ಲೀಕ್ ಆಗ್ತು ಹೇಳದು ಕೇಳಿದ್ದಿ, ಇದೆಂತ ಸೊಪ್ಪೇ?" ಎಂದು ಅವತ್ತು ಗಂಗಾ ನಕ್ಕಿದ್ದಳು. ಬಾಡದಿರಲೆಂದು ಒದ್ದೆ ಬಟ್ಟೆ ಸುತ್ತಿ ಬಾಳೆಪಟ್ಟೆಯೊಳಗಿಟ್ಟು ಕಾಪಾಡಿದ್ದಳು. ಮಗ ಬಿಟ್ಟ ಸೂಪನ್ನು ಚೆಲ್ಲಲು ಮನಸ್ಸಾಗದೆ ಅನ್ನಕ್ಕೆ ಹಾಕಿಕೊಂಡು ಉಂಡಿದ್ದಳು. ಹಸಿರು ಕಂಡದ್ದೆಲ್ಲ ಸೊಪ್ಪೆಂದುಕೊಂಡ ಪೆದ್ದಿ!

"ಗೌರೀ, ಹೌದನೇ ಇದು?"

ಶ್ರೀಗೌರಿ ಬಾಗಿಲಿಗೆ ಬಂದಳು. "ನೀರುಳ್ಳಿ ಅಲ್ದಲ ಅತ್ತೆ... ಯಂಗೂ ತಲೆಗೆ ಹೋಯ್ದಿಲ್ಲೆ."

"ಅವಂಗೆ ಮತ್ತೆ ಜ್ವರ ಬಂದಿದ್ದು ಆನು ಇದನ್ನ ತಿಂದಮೇಲೇ ಅಲ್ದಾ?"

"ಜ್ವರ ಬತ್ತು ಹೇಳಿ ಡಾಕ್ಟ್ರು ಮೊದಲೇ ಹೇಳಿದ್ದ."

"ಡಾಕ್ಟ್ರಿಗೆ ಎಂತ ಗೊತ್ತಿದ್ದು! ಆನೇ ಕೊಂದಿ ಅವನ್ನ."

ಗಂಗಾ ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿದಳು. ಎಂದೋ ಉಂಡದ್ದು ಈಗ ಬಂದೀತೇ? ಹುಳಿನೀರು ಬಂತು, ಕಣ್ಣೀರು ಬಂತು, ಅಷ್ಟೆ. "ನನ್ನ ಬಾಯಿಗಿಷ್ಟು ಮಣ್ಣು ಹಾಕ" ಎಂದು ತನ್ನನ್ನೇ ಬೈದುಕೊಂಡು ಭವ್ಯಾ ಮೆಲ್ಲಗೆ ಹೊರಟುಹೋದಳು.

"ಅಮ್ಮಾ, ಸೂಪಾತಾ?" ಒಳಗಿನಿಂದ ಪ್ರದೀಪ ಕೇಳಿದ.

ನಿನ್ನೆಯಿಂದ ಏನೂ ಬೇಡವೆಂದಿದ್ದವನು. ಗಂಗಾ ಮುಖ ತೊಳೆದು ಬಂದು ಒಲೆ ಹಚ್ಚಿದಳು. "ಆನು ಮಾಡ್ತಿ ಬಿಡಿ ಅತ್ತೆ" ಎಂದರೂ ಸೊಸೆಗೆ ಬಿಡಲಿಲ್ಲ. ತಾನೇ ಹೆಚ್ಚಿ, ತುಪ್ಪದಲ್ಲಿ ಬಾಡಿಸಿ, ಬೇಯಿಸಿ, ಅರೆದು, ಸೋಸಿದಳು. ಆ ವಾಸನೆ ಈಗ ಈರುಳ್ಳಿಯದೇ ಅನ್ನಿಸಿತು. ಇಷ್ಟು ದಿನ ಮೂಗೆಲ್ಲಿ ಹೋಗಿತ್ತೋ!

ಒಂದೆರಡು ಚಮಚ ಕುಡಿದು ಪ್ರದೀಪ ತುಟಿ ಬಿಗಿದ. ಚಿಕ್ಕವನಿದ್ದಾಗ ಮಾಡಿದಂತೆ ರಮಿಸಿದರೂ ಬೇಡವೆಂದು ತಲೆಯಾಡಿಸಿದ. ಕಡೆಗೆ, "ಒಬ್ಬಂಗೇ ಸೇರ್ತಿಲ್ಲೆ. ನೀನೂ ಕುಡಿಯೇ. ನೀನೊಂದು ಚಮಚ, ಆನೊಂದು" ಎಂದ. ಹರಕೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

"ಕೊಡಿ, ಆನು ಕುಡಿತಿ" ಎಂದು ಶ್ರೀಗೌರಿ ಮುಂದೆ ಬಂದಳು.

"ಅಮ್ಮನೇ ಕುಡೀಲಿ."

ಗಂಗಾ ಚಮಚ ತುಂಬಿ ಕುಡಿದಳು. ಅವನು ಬಾಯಿ ತೆರೆದ.