ನೀರಿಗೆ ಹತ್ತಿರದ ಕೋಣೆ

ಎಷ್ಟು ಕೆಂಪು ಈ ಹುಡುಗಿಯ ಉಗುರು, ಈಗಷ್ಟೇ ಕೊಯ್ದ ಹಂದಿಯ ಲಿವರ್ ಹಾಗೆ — ಪುರಿಂಗಳ ಕಣ್ಣು ಅದರ ಹಿಂದೆಯೇ ಓಡುತ್ತಿತ್ತು, ಹೊಳೆಯುವ ಕಾಗದದ ಮೇಲೆ ಅದು ಕಂದು ನದಿಯಿಂದ ನೀಲಿ ಸಮುದ್ರಕ್ಕೆ ಜಾರಿತು, ಸಮುದ್ರದಿಂದ ಮತ್ತೆ ನದಿಗೆ ಬಂತು, ಇದು ಮೆಕಾಂಗ್ ಮ್ಯಾಮ್, ಕಾಂಬೋಡಿಯಾದಲ್ಲಿ ಹತ್ತಿ ವಿಯೆಟ್ನಾಮಲ್ಲಿ ಇಳಿಯೋದು, ಇದು ಸಿಂಗಾಪುರದಿಂದ ಹೊರಡೋ ದೊಡ್ಡ ಹಡಗು, ಪೆನಾಂಗ್ ಫುಕೆಟ್ ಎಲ್ಲಾ ಸುತ್ತಿ ವಾಪಸ್, ಎರಡೂ ಚೆನ್ನಾಗಿದೆ, ನೀವು ಹೂಂ ಅಂದ್ರೆ ಸಾಕು. ಎರಡೂ ಚೆನ್ನಾಗಿದೆ ಅಂದರೆ ಏನರ್ಥ, ತನ್ನ ಬಾಚೋಯ್ ಸೂಪಿನ ಅಂಗಡಿಗೆ ಬಂದ ಗಿರಾಕಿಗೆ ಪುರಿಂಗ್ ಯಾವತ್ತಾದರೂ ಎರಡೂ ಚೆನ್ನಾಗಿದೆ ಎಂದದ್ದುಂಟೇ, ಮುಖ ನೋಡುತ್ತಾಳೆ, ಹಸಿವು ಅಳೆಯುತ್ತಾಳೆ, ಕೂತ್ಕೋ, ನಿಂಗೆ ಮಜ್ಜೆ ಜಾಸ್ತಿ ಹಾಕಿ ಕೊಡ್ತೀನಿ ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು, ಇಲೋಯ್ಲೊದ ಲಾ ಪಾಸ್ ಮಾರುಕಟ್ಟೆಯಲ್ಲಿ ಈ ಹೊತ್ತಿಗೆ ಸಾರು ಕುದಿದು ಮೂಳೆ ಬಿಳಿಚಿಕೊಂಡಿರುತ್ತದೆ, ನಾದಿನಿ ಉರಿ ಸಣ್ಣ ಮಾಡಿದಳೋ ಇಲ್ಲವೋ, ಇಲ್ಲಿ ಮಾತ್ರ ಈ ಗಾಜಿನ ಪೆಟ್ಟಿಗೆಯಂಥ ಟ್ರಾವೆಲ್ ಅಂಗಡಿಯಲ್ಲಿ ಎಸಿ ಗಾಳಿ ನೇರ ಕುತ್ತಿಗೆಗೆ ಬೀಳುತ್ತಿದೆ, ಬೆರಳು ಮೂಸಿದರೆ ಬೆಳ್ಳುಳ್ಳಿ, ಎಷ್ಟು ತೊಳೆದರೂ ಬೆಳ್ಳುಳ್ಳಿ. ಎಡಕ್ಕೆ ಮಗಳು ಡಾರ್ಲೀನ್, ಸರಕು ಹಡಗಿನ ಅಧಿಕಾರಿ, ಸಮವಸ್ತ್ರ ಹಾಕಿದರೆ ಭುಜದ ಮೇಲೆ ಚಿನ್ನದ ಪಟ್ಟಿ, ಇಡೀ ಓಣಿಯಲ್ಲಿ ಹೆಣ್ಣುಮಕ್ಕಳಲ್ಲಿ ಇವಳೊಬ್ಬಳೇ, ರಜೆಯಲ್ಲಿ ಬಂದವಳು ಹಟ ಹಿಡಿದು ಕೂತಿದ್ದಾಳೆ, ನಿಮ್ಮ ಮದುವೆ ಆನಿವರ್ಸರಿಗೆ ಇದು ನನ್ನ ಕಡೆಯಿಂದ, ದುಡ್ಡಿನ ಮಾತೆತ್ತಬೇಡ ಮಾ, ಯಾವುದು ಬೇಕು ಅಷ್ಟು ಹೇಳು. ಬಲಕ್ಕೆ ಗಂಡ ಎಲ್ಪಿಡಿಯೊ, ಕೂದಲು ಕಪ್ಪಿದ್ದಾಗ ಹಡಗು ಹತ್ತಿ ಬೆಳ್ಳಗಾದ ಮೇಲೆ ಇಳಿದವನು, ತಾನೇ ಇಸ್ತ್ರಿ ಮಾಡಿಕೊಂಡ ಬಿಳಿ ಅಂಗಿ, ತೋಳಿನ ಗೆರೆ ಎಷ್ಟು ಚೂಪೆಂದರೆ ಅದರಲ್ಲಿ ಈರುಳ್ಳಿ ಹೆಚ್ಚಬಹುದು, ಅವನು ಬಂದು ಕೂತಾಗಿನಿಂದ ಒಂದೇ ಮಾತು, ನದಿ, ನದಿಗೇ ಹೋಗೋಣ ಲಂಗ್ಗಾ — ಮುದ್ದಿನಿಂದ ಲಂಗ್ಗಾ ಎನ್ನುವುದು ಅವನು ಯಾವುದರಿಂದಲಾದರೂ ತಪ್ಪಿಸಿಕೊಳ್ಳಬೇಕಾದಾಗ ಮಾತ್ರ.

ನದೀಲಿ ಎರಡೂ ಕಡೆ ದಡ ಕಾಣುತ್ತೆ ಲಂಗ್ಗಾ, ಗದ್ದೆ, ಎಮ್ಮೆ, ಮಕ್ಕಳು ಕೈ ಬೀಸ್ತಾವೆ, ಸಮುದ್ರದಲ್ಲಿ ಏನಿದೆ, ನೀರು, ಬರೀ ನೀರು, ನಾನು ನೋಡಿ ನೋಡಿ ಸಾಕಾಗಿದೆ, ಹೌದು ಮ್ಯಾಮ್, ನದಿ ಕ್ರೂಸಲ್ಲಿ ಜನಾನೂ ಕಮ್ಮಿ, ಬೆಳಿಗ್ಗೆ ಎದ್ದ ತಕ್ಷಣ ಹಳ್ಳಿ ಮಾರ್ಕೆಟ್ಟಿಗೆ ಕರ್ಕೊಂಡು ಹೋಗ್ತಾರೆ, ಅಲ್ಲಿ ಹೆಂಗಸರು ಸೂಪ್ ಮಾಡೋದು ನೋಡಬಹುದು, ರುಚಿ ನೋಡಬಹುದು, ಅಯ್ಯೋ ದೇವರೇ, ವಿಮಾನ ಹತ್ತಿ ಹೋಗಿ ಇನ್ನೊಬ್ಬ ಪುರಿಂಗ್ ಬೆಂಕಿ ಊದುವುದನ್ನು ನೋಡಬೇಕೇ, ಅವಳು ತಲೆ ಎತ್ತಿ ನೋಡುತ್ತಾಳೆ, ಬಂದಳು ನೋಡು ಟೋಪಿ ಹಾಕ್ಕೊಂಡು ಎಂದುಕೊಳ್ಳುತ್ತಾಳೆ, ನಾನು ಅವಳ ಪಾತ್ರೆಯೊಳಗೆ ಇಣುಕಿ ಉಪ್ಪು ಕಮ್ಮಿ ಎನ್ನುತ್ತೇನೆ, ಜಗಳವಾಗುತ್ತದೆ — ನಗು ಬಂತು, ನುಂಗಿಕೊಂಡಳು. ನದಿ ಕೆಟ್ಟದ್ದೇನಲ್ಲ, ನದಿಯ ಮೇಲೆ ಅವಳಿಗೇನು ಸಿಟ್ಟು, ಆದರೆ ಆಸೆ ಇರುವುದು ಸಮುದ್ರದ ಮೇಲೆ, ದೊಡ್ಡ ಬಿಳಿ ಹಡಗಿನ ಮೇಲೆ, ತನ್ನ ಗಂಡನನ್ನು ಇಷ್ಟು ವರ್ಷ ನುಂಗಿಕೊಂಡಿದ್ದ ಅದೇ ಹೊಟ್ಟೆಯೊಳಗೆ ಒಮ್ಮೆ ಟಿಕೆಟ್ ಹಿಡಿದು ನಡೆದುಹೋಗಬೇಕು, ಅವನ ತೋಳು ಹಿಡಿದುಕೊಂಡು, ಯಾರೋ ಕುರ್ಚಿ ಎಳೆದುಕೊಡಬೇಕು, ಅವನು ಕೂರಬೇಕು, ಅವನ ತೊಡೆಯ ಮೇಲೆ ಯಾರೋ ಇಸ್ತ್ರಿ ಮಾಡಿದ ಬಟ್ಟೆ ಹಾಸಬೇಕು. ಅದಕ್ಕೇ ಅವನು ನದಿ ನದಿ ಎನ್ನುತ್ತಿರುವುದು, ಅವಳಿಗೆ ಗೊತ್ತು, ಮೈಯೆಲ್ಲ ಕಿವಿ ಮಾಡಿಕೊಂಡು ಕೂತಿದ್ದಾನೆ ಪಾಪ, ಯಾಕೆಂದರೆ ಕೆಂಪುಗುರಿನ ಹುಡುಗಿ ಮೊದಲೇ ಹೇಳಿಬಿಟ್ಟಿದ್ದಾಳೆ, ಸರ್ ಕೆಲಸ ಮಾಡ್ತಿದ್ದ ಕಂಪನೀದೇ ಹಡಗು ಇದು, ಒಳಗೆ ಎಲ್ಲಾ ಒಂದೇ ಥರ, ಸರ್‌ಗೆ ಕಣ್ಣು ಮುಚ್ಚಿದ್ರೂ ದಾರಿ ಗೊತ್ತಿರುತ್ತೆ, ಮ್ಯಾಮ್‌ಗೆ ಎಲ್ಲಾ ಅವರೇ ತೋರಿಸ್ತಾರೆ. ತೋರಿಸುತ್ತಾನೆ! ಏನನ್ನು ತೋರಿಸುತ್ತಾನೆ, ಬಾಚೋಯ್ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಹೇಳುವ ಮೆಟ್ಟಿಲು ಒಂದು ಸಲ ಅಮೃತಶಿಲೆಯದು, ಇನ್ನೊಂದು ಸಲ ಗಾಜಿನದು, ಅದರ ಮೇಲೆ ತೂಗುದೀಪ, ಕೆಳಗೆ ಪಿಯಾನೊ, ದೊಡ್ಡ ಊಟದ ಹಾಲಿನಲ್ಲಿ ಬಡಿಸುವವರೆಲ್ಲ ತನ್ನ ಕೈ ಕೆಳಗೆ, ಕ್ಯಾಪ್ಟನ್ ಕೂಡ, ಎಲ್ಪಿಡಿಯೊ, ಇವತ್ತು ಮೀನು ಹೇಗಿದೆ ಎಂದು ಕೇಳದೆ ಚಮಚ ಮುಟ್ಟುತ್ತಿರಲಿಲ್ಲ, ಪಕ್ಕದ ಮಾಂಸದಂಗಡಿಯ ತಾಸಿಯೊ ಕತ್ತಿ ಮಸೆಯುತ್ತಾ, ಹೂಂ ಹೂಂ ಕಪಿತಾನ್, ನೀನು ಹೇಳದೇ ಇದ್ರೆ ಹಡಗು ತಿರುಗ್ತಾನೂ ಇರ್ಲಿಲ್ಲ ಬಿಡು ಎಂದರೆ ಬೆಂಚೆಲ್ಲ ನಗುತ್ತದೆ, ಇವನೂ ನಗುತ್ತಾನೆ, ಪುರಿಂಗ್ ಮಾತ್ರ ಸೌಟು ತೋರಿಸಿ, ತಾಸಿಯೊ, ನಿನ್ನ ಕತ್ತಿಗೆ ಮೊದಲು ಬಾಯಿ ಬರಲಿ, ಆಮೇಲೆ ನಿಂಗೆ ಬರಲಿ ಎಂದು ಗದರುತ್ತಾಳೆ, ಮತ್ತೆ ತಾನೇ ಸೇರಿಸುತ್ತಾಳೆ, ಆ ತೂಗುದೀಪ ಒರೆಸೋಕೇ ಒಬ್ಬ ಆಳು ಇದ್ದನಂತೆ. ಅವಳು ಯಾಕೆ ಸೇರಿಸಬೇಕು, ಗೊತ್ತಿದ್ದೂ, ಎಲ್ಲವೂ ಗೊತ್ತಿದ್ದೂ — ನೀರಿನ ಮಟ್ಟದಲ್ಲಿ ಒಂದು ಕಬ್ಬಿಣದ ಬಾಗಿಲು, ಕತ್ತಲೆ, ಒಂದು ಕೈ.

ಮನಿಲಾ ಬಂದರಿನ ಬಿಸಿಲು, ಡಾರ್ಲೀನ್ ಇನ್ನೂ ಲಂಗದ ಹುಡುಗಿ, ಹಡಗು ಅಲ್ಲಿ ಒಂದೇ ಒಂದು ಹಗಲು ನಿಲ್ಲುತ್ತದೆ ಎಂದು ಗೊತ್ತಾಗಿ ಇಲೋಯ್ಲೊದಿಂದ ರಾತ್ರಿಯ ಫೆರಿ ಹಿಡಿದು ಹೋದದ್ದು, ಡಬ್ಬಿಯಲ್ಲಿ ಅವನಿಗಿಷ್ಟದ ಗರಿಗರಿ ಬಿಸ್ಕೋಚೊ ರೊಟ್ಟಿ, ಒಳಗೆ ಬಿಡುವ ಚೀಟಿ ಬರುತ್ತದೆ ಬರುತ್ತದೆ ಎಂದು ಗೇಟಿನವನ ಮುಖ ನೋಡಿದ್ದೇ ಬಂತು, ಬರಲಿಲ್ಲ, ಅವನು ಫೋನಿನಲ್ಲಿ, ಬೇಜಾರ್ ಮಾಡ್ಕೋಬೇಡ, ಹೊರಡೋ ಹೊತ್ತಿಗೆ ನಾನು ಮೇಲೆ ಬರ್ತೀನಿ, ಹೊಗೆ ಕೊಳವೆ ಪಕ್ಕದಲ್ಲೇ ನಿಂತಿರ್ತೀನಿ, ಮಗೂನ ಮೇಲೆ ನೋಡೋಕೆ ಹೇಳು, ಮೇಲೆ. ಮಗು ಕತ್ತು ಹಿಂದಕ್ಕೆ ಬಾಗಿಸಿ ಮೇಲೆ ನೋಡಿತು, ಆ ಹಡಗೋ ಒಂದು ಬಿಳಿ ಬೆಟ್ಟ, ಕಿಟಕಿಗಳ ಮೇಲೆ ಕಿಟಕಿಗಳು, ತುತ್ತ ತುದಿಯಲ್ಲಿ ಬಿಳಿ ಕೋಟಿನ ಯಾರೋ ಒಬ್ಬ ಯಾರಿಗೋ ಕೈ ಎತ್ತಿದ, ಪಪ್ಪಾ, ಮಾ ನೋಡು ಪಪ್ಪಾ, ಎಂದು ಕುಣಿದದ್ದೇ ಕುಣಿದದ್ದು, ಪುರಿಂಗಳೂ ನೋಡಿದಳು, ಬೇರೆಯವರ ಗಂಡನೆಂದು ಅಷ್ಟು ದೂರದಿಂದಲೂ ತಿಳಿಯದೇ ಹೋಗುತ್ತದೆಯೇ, ಕಣ್ಣು ತಾನಾಗಿ ಕೆಳಗಿಳಿಯಿತು, ಸಾಲು ಸಾಲು ಕಿಟಕಿ ಇಳಿದು, ಕಿಟಕಿಗಳೇ ಮುಗಿದುಹೋಗಿ, ಬರೀ ಕಬ್ಬಿಣ, ತುಕ್ಕಿನ ಗೀರು, ಹಗ್ಗ, ಅಲ್ಲಿ ನೀರಿಗೆ ಇನ್ನೇನು ತಾಗುವಂತೆ ಒಂದು ಬಾಗಿಲು ತೆರೆದಿತ್ತು, ಒಳಗಿನಿಂದ ಸೋಪಿನ ವಾಸನೆಯ ಹಬೆ, ಹಬೆಯೊಳಗಿಂದ ಒಂದು ಕೈ, ಕೈಯಲ್ಲಿ ದಿಂಬಿನ ಬಿಳಿ ಕವರು, ಬೀಸುತ್ತಿದೆ, ಬೀಸುತ್ತಿದೆ, ಯಾರೂ ಅತ್ತ ನೋಡುತ್ತಿಲ್ಲ ಎಂದು ಗೊತ್ತಿದ್ದೂ ಬೀಸುತ್ತಿದೆ — ಆಮೇಲೆ ಒಳಗಿನಿಂದ ಯಾರೋ ಕೂಗಿರಬೇಕು, ಕೈ ನಿಂತಿತು, ಕವರನ್ನು ಒಂದು ಸಲ ಕೊಡವಿತು, ಅರ್ಧಕ್ಕೆ ಮಡಚಿತು, ಮತ್ತೆ ಅರ್ಧಕ್ಕೆ, ಒಳಗೆ ಹೋಯಿತು. ಅಂಥ ಹೊತ್ತಿನಲ್ಲೂ ಮಡಚುವುದನ್ನು ಮರೆಯದ ಕೈ. ಅವತ್ತು ಸಂಜೆ ಫೋನಿನಲ್ಲಿ, ನೋಡಿದ್ಯಾ, ಮೇಲಿದ್ದೆ, ಮಗು ನೋಡಿತಾ, ಹೂಂ ನೋಡಿದ್ವಿ, ಬಿಳಿ ಕೋಟಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದೆ, ಎಂದಳು ಪುರಿಂಗ್. ರಜೆಗೆ ಬಂದಾಗ ಮೊಣಕೈ ಹತ್ತಿರ ಉದ್ದಕ್ಕೆ ಸುಟ್ಟ ಗುರುತು, ಸೂಪ್ ಚೆಲ್ಲಿತು ಎಂದ, ಸೂಪಿನಲ್ಲೇ ಬದುಕುವವಳಿಗೆ ಸೂಪಿನ ಗಾಯ ಗೊತ್ತಿಲ್ಲವೇ, ಸೂಪು ಮೈಮೇಲೆ ಹನಿ ಹನಿಯಾಗಿ ಸುಡುತ್ತದೆ, ಇಸ್ತ್ರಿ ಯಂತ್ರದಂತೆ ಗೆರೆ ಎಳೆಯುವುದಿಲ್ಲ, ಅವಳು ಎಣ್ಣೆ ಹಚ್ಚಿದಳು, ಸುಮ್ಮನಾದಳು. ಮಗಳು ಸುಮ್ಮನಿರಲಿಲ್ಲವಲ್ಲ, ನೌಕಾ ಕಾಲೇಜಿನ ಕೊನೆಯ ದಿನ ವೇದಿಕೆಯ ಮೇಲೆ ನಿಂತು, ನಮ್ಮಪ್ಪ ಹಡಗಿನ ತುದೀಲಿ ನಿಂತು ನನಗೆ ಕೈ ಬೀಸಿದ್ರು, ಅವತ್ತೇ ನಾನೂ ಅಲ್ಲಿ ಹತ್ತಬೇಕು ಅಂತ ತೀರ್ಮಾನ ಮಾಡ್ಕೊಂಡೆ ಎಂದಾಗ ಜನ ಚಪ್ಪಾಳೆ ತಟ್ಟಿದರು, ಎಲ್ಪಿಡಿಯೊ ತಟ್ಟಲಿಲ್ಲ, ಕರವಸ್ತ್ರ ತೆಗೆದ, ಕಣ್ಣೊರೆಸದೆ ಅದನ್ನು ಮಡಚಿದ, ಬಿಚ್ಚಿ ಮತ್ತೆ ಮಡಚಿದ. ಆ ಬಿಳಿ ಕೋಟಿನ ಅಪರಿಚಿತನ ಮೇಲೆ ನಿಂತಿದೆ ಮಗಳ ಬದುಕು, ಈಗ ದೊಡ್ಡ ಹಡಗು ಹತ್ತಿ ಮೆಟ್ಟಿಲು ಎಲ್ಲಿ, ಊಟದ ಹಾಲು ಯಾವ ಕಡೆ ಎಂದು ಅವನು ಬೆಪ್ಪಾಗಿ ನಿಂತರೆ, ತೆಗೆದ ಫೋಟೊಗಳನ್ನು ನೋಡಿ ಮಗಳು ಏನಾದರೂ ಕೇಳಿದರೆ, ಬೇಡ, ನದಿಯೇ ಇರಲಿ, ನದಿ ಎಂದುಬಿಡು ಪುರಿಂಗ್, ಒಂದು ಮಾತು, ಗಂಡನ ಮಾನ ಉಳಿಯುತ್ತದೆ, ಎಮ್ಮೆ ನೋಡಿಕೊಂಡು ಬರಬಹುದು.

ಮಾ, ನಿದ್ದೆ ಬಂತಾ, ನಿನ್ನನ್ನೇ ಕೇಳ್ತಿರೋದು, ಡಾರ್ಲೀನ್ ಭುಜ ಅಲುಗಿಸಿದಳು, ನದಿ ಎನ್ನಲು ಪುರಿಂಗ್ ಬಾಯಿ ತೆರೆದೂ ಇದ್ದಳು, ಅಷ್ಟರಲ್ಲಿ ಹುಡುಗಿ ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು, ಹಡಗನ್ನು ಕೇಕಿನ ಹಾಗೆ ಉದ್ದಕ್ಕೆ ಸೀಳಿದ ಚಿತ್ರ, ಮೇಲೆಲ್ಲ ಹಳದಿ, ನೀಲಿ, ಹಸಿರು ಬಣ್ಣದ ಗೂಡುಗಳು, ಒಂದು ವೇಳೆ ಇದು ತಗೊಂಡ್ರೆ ಬಾಲ್ಕನಿ ಇರೋದನ್ನೇ ತಗೊಳ್ಳಿ ಮ್ಯಾಮ್, ಇಲ್ಲಿ ಮೇಲೆ, ಈ ಕೆಳಗಿನ ಸಾಲು ಮಾತ್ರ ಬೇಡ, ನೀರಿಗೆ ತೀರಾ ಹತ್ತಿರ, ಇದರ ಕೆಳಗೆ ಮಷೀನು, ಲಾಂಡ್ರಿ, ರಾತ್ರಿ ಪೂರ್ತಿ ಗುಂಯ್ ಅಂತಿರುತ್ತೆ, ಆ ಮಷೀನ್ ಹತ್ರ ಇರೋದು ಬರೀ ಕೆಲಸದೋರು, ಅವರು ವಾರಗಟ್ಟಲೆ ಬಿಸಿಲೇ ನೋಡಲ್ವಂತೆ, ಇಲಿಗಳ ಥರ ಅಂತ ತಮಾಷೆ ಮಾಡ್ತಾರೆ, ಅಲ್ವಾ ಸರ್, ನಿಮಗೆ ಗೊತ್ತಿರುತ್ತಲ್ಲ — ಎಲ್ಪಿಡಿಯೊ ನಕ್ಕ. ಹೌದಮ್ಮಾ ಹೌದು, ಕೆಳಗಿನೋರ ಕಥೆ ಏನು ಕೇಳ್ತೀಯ, ಇಲಿಗಳೇ, ಎಂದು ನಕ್ಕ. ತಾಸಿಯೊ ನಗಲಿ, ಬೆಂಚಿನ ಮೇಲಿರುವ ಪ್ರತಿಯೊಬ್ಬನೂ ನಗಲಿ, ಸೌಟು ಇದೆ ಅವರಿಗೆ, ಆದರೆ ಇವನೇ ಇವನನ್ನು ನೋಡಿ ನಗುವುದೇ, ಈ ಮಗಳ ಕಾಲೇಜು ಎಲ್ಲಿಂದ ಬಂತು, ಮನೆಯ ಹೆಂಚು ಎಲ್ಲಿಂದ ಬಂತು, ಅಂಗಡಿಯ ದೊಡ್ಡ ಹಂಡೆ ಎಲ್ಲಿಂದ ಬಂತು, ತೂಗುದೀಪದಿಂದ ಉದುರಿತೇ, ಆ ಹಬೆಯಿಂದ ಬಂತು, ಆ ಕಬ್ಬಿಣದ ಬಾಗಿಲಿನಿಂದ, ಇಷ್ಟು ವರ್ಷ ಮೇಲೆ ಮಲಗಿದ ಜನವೆಲ್ಲ ಮೈ ಚಾಚಿದ್ದು ಇವನು ಬಿಸಿ ಮಾಡಿ ಗೆರೆ ತೀಡಿ ಕಳಿಸಿದ ಬಿಳಿ ಹಾಸುಗಳ ಮೇಲೆ, ರಾಜಕುಮಾರನಿದ್ದರೆ ರಾಜಕುಮಾರನೂ, ಅವನ ಕೆನ್ನೆಯ ಕೆಳಗೂ ಇವನ ಕೈ, ಹೇಳಿಕೊಳ್ಳುವುದಕ್ಕೆ ಬೇರೆ ಮೆಟ್ಟಿಲು ಬೇಕೇ ಮನುಷ್ಯನಿಗೆ, ಅವಳು ಮಾನ ಉಳಿಸುತ್ತೇನೆ ಎಂದುಕೊಂಡು ಇಷ್ಟು ದಿನ ಮುಚ್ಚಿಟ್ಟದ್ದೇ ಇವನಿಗಿದ್ದ ಮಾನವೇನೋ, ಅಯ್ಯೋ, ಅದನ್ನೇ ಅವಳು ಒಮ್ಮೆಯೂ ಬಾಯಿಬಿಟ್ಟು ಹೊಗಳಲಿಲ್ಲವಲ್ಲ, ಬಿಳಿ ಕೋಟನ್ನು ಹೊಗಳಿದಳು. ಸಮುದ್ರ, ಎಂದಳು ಪುರಿಂಗ್. ದನಿ ಮಾರುಕಟ್ಟೆಯಲ್ಲಿ ಕೂಗುವಷ್ಟು ಜೋರಾಗಿ ಬಂತು, ಪಕ್ಕದ ಮೇಜಿನವರು ತಿರುಗಿದರು. ಸಮುದ್ರದ್ದೇ ಬೇಕು, ದೊಡ್ಡ ಹಡಗು, ಲಂಗ್ಗಾ ಕೇಳಿಲ್ಲಿ ಎಂದ ಅವನು, ಕೇಳಲ್ಲ ಎಂದಳು ಅವಳು, ಸರಿ ಮಾ ಸಮುದ್ರಾನೇ, ಬಾಲ್ಕನಿ ಹಾಕಿ ಎಂದಳು ಮಗಳು, ಬಾಲ್ಕನಿ ಬೇಡ. ಪುರಿಂಗ್ ಬೆಳ್ಳುಳ್ಳಿಯ ಬೆರಳನ್ನು ಚಿತ್ರದ ತಳಕ್ಕೇ ಒತ್ತಿದಳು, ಕೆಂಪುಗುರು ಗಾಬರಿಯಿಂದ ಸರಿದುಕೊಂಡಿತು, ಇದು. ನೀರಿಗೆ ಹತ್ತಿರ ಇರೋದು. ಮ್ಯಾಮ್ ಹೇಳಿದ್ನಲ್ಲ, ಅಲ್ಲಿ ಗುಂಯ್ — ಗುಂಯ್ ಅನ್ನಲಿ, ನಮ್ಮ ಯಜಮಾನರ ಸದ್ದು ಅದು, ನಂಗೆ ಕೇಳಬೇಕು.

ಎಲ್ಪಿಡಿಯೊ ಅವಳ ಕಡೆ ತಿರುಗಿದ, ಎಷ್ಟು ಹೊತ್ತು ನೋಡಿದನೋ, ಯಾವಾಗಿಂದ, ಎಂದು ಕಣ್ಣಲ್ಲೇ ಕೇಳಿದ, ಮನಿಲಾ, ಎಂದು ಇವಳೂ ಕಣ್ಣಲ್ಲೇ, ಈಗ ಎದ್ದುಹೋಗುತ್ತಾನೆ, ಹೋಗಿಬಿಡುತ್ತಾನೆ, ಏನು ಮಾಡಿದೆ ಪುರಿಂಗ್ — ಅವನು ಎದ್ದುಹೋಗಲಿಲ್ಲ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ, ಅಂಗಿಯ ತೋಳನ್ನು, ಆ ಚೂಪು ಗೆರೆಯ ತೋಳನ್ನು ಮೊಣಕೈವರೆಗೆ ಮಡಚಿದ, ಸುಟ್ಟ ಗುರುತು ಹೊರಗೆ ಬಂತು, ಆ ಕೋಣೆ ಚೆನ್ನಾಗಿರುತ್ತೆ, ತಗೋ, ಮಲಗಿದ್ರೆ ಕೆಳಗಿನ ನೆಲ ಬೆಚ್ಚಗಿರುತ್ತೆ, ಎಂದ, ನಿಂಗೆ ಹೇಗೆ ಗೊತ್ತು ಪಾ, ನೀನು ಮೇಲಲ್ವಾ ಇದ್ದಿದ್ದು, ಎಂದಳು ಡಾರ್ಲೀನ್ ಮೆಲ್ಲಗೆ, ತುಂಬ ಮೆಲ್ಲಗೆ, ಹಡಗು ಬಲ್ಲ ಹುಡುಗಿ, ಅವಳಿಗೂ ಯಾವತ್ತೋ ಅನುಮಾನ ಬಂದಿತ್ತೇನೋ, ಅವನು ಮಗಳ ಮುಖವನ್ನೇ ನೋಡಿ, ಈ ಸಲ ನಗದೆ, ಬೆಚ್ಚಗೆ ಮಾಡ್ತಿದ್ದೋನೇ ನಾನಲ್ವಾ ಮಗಳೇ, ಎಂದ. ಡಾರ್ಲೀನ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡಳು, ತನ್ನ ಕ್ಯಾಪ್ಟನ್ ಒಳಗೆ ಬಂದಾಗ ಕೂರುವ ಹಾಗೆ, ಕೈಗಳನ್ನು ತೊಡೆಯ ಮೇಲಿಟ್ಟು, ಕೆಂಪುಗುರಿನ ಹುಡುಗಿ ಹೆಸರುಗಳನ್ನು ಒತ್ತತೊಡಗಿದಳು, ಎಲ್ಪಿಡಿಯೊ ಅಕ್ಷರ ಬಿಡಿಸಿ ಹೇಳುತ್ತಿದ್ದ, ಅವನ ದನಿ ಎಷ್ಟು ಹತ್ತಿರದಲ್ಲಿದೆ, ಆದರೂ ಪುರಿಂಗಳಿಗೆ ಏನೂ ಕೇಳುತ್ತಿಲ್ಲ, ಎಸಿ ಇಲ್ಲ, ಉಗುರಿಲ್ಲ, ಬಿಸಿಲು, ಹಗ್ಗ ಬಿಚ್ಚಿದ ಹಡಗು ದಕ್ಕೆಯಿಂದ ಕದಲುತ್ತಿದೆ, ಎಲ್ಲರೂ ಮೇಲೆ ನೋಡುತ್ತಿದ್ದಾರೆ, ಅವಳೊಬ್ಬಳು ಕೆಳಗೆ, ಹಬೆಯೊಳಗಿಂದ ಒಂದು ಕೈ, ಬಿಳಿ ಬಟ್ಟೆ, ಒಮ್ಮೆ ಕೊಡವಿ, ಅರ್ಧಕ್ಕೆ, ಮತ್ತೆ ಅರ್ಧಕ್ಕೆ —